ಕರೆಂಟ್ ಒಲೆಗೆ ಕೆಂಡದ ಬುದ್ಧಿ

ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಅಡುಗೆಮನೆಯಲ್ಲಿ ನಿಲ್ಲುವುದು ಎಂಥ ಕೆಲಸ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಏಳಕ್ಕೇ ಗೋಡೆ ಬೆಚ್ಚಗಿರುತ್ತದೆ. ಮಧ್ಯಾಹ್ನ ಹೊರಗೆ 42 ಡಿಗ್ರಿ. ಫ್ಯಾನ್ ಹಾಕಿದರೆ ಗ್ಯಾಸಿನ ಉರಿ ಅತ್ತಿತ್ತ ಹಾರುತ್ತದೆ. ಆರಿಸಿದರೆ ಅನ್ನದ ಜೊತೆ ನಾವೂ ಬೇಯುತ್ತೇವೆ. ನಮ್ಮ ಮನೆಯವರು ಮಾನ್ವಿ ಕಡೆಯ ಶಾಲೆಯೊಂದರಲ್ಲಿ ಟೀಚರ್. ಏಳೂವರೆ ಬಸ್ಸಿಗೆ ಹೊರಟುಬಿಡುತ್ತಾರೆ. ನಾನು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಹತ್ತಕ್ಕೆ ಹೋದರೂ ನಡೆಯುತ್ತದೆ. ಹಾಗಾಗಿ ಬೆಳಗಿನ ಅಡುಗೆ ನನ್ನ ಪಾಲಿಗೆ.

ಹೋದ ಬೇಸಿಗೆಯಲ್ಲಿ ಒಂದು ಕಾಯಿಲ್ ಒಲೆ ತಂದೆ, ಕರೆಂಟಿನಿಂದ ಸುರುಳಿ ಕಾಯುವಂಥದ್ದು. ಗ್ಯಾಸ್ ಉಳಿಸೋಣ ಅಂತಲ್ಲ. ಫ್ಯಾನ್ ಹಾಕ್ಕೊಂಡು ಅಡುಗೆ ಮಾಡಬೇಕು ಅನ್ನೋದೊಂದೇ ಆಸೆ. ನಮ್ಮ ಭಾವಮೈದುನ ಬಂದವನು, 'ಏನ್ ಮಾಮಾ, ಎಲ್ಲಾರೂ ಇಂಡಕ್ಷನ್ ತಗೊಂಡ್ರ ನೀವು ಹಿಂದಕ್ಕ ಹೊಂಟೀರಿ' ಅಂತ ನಕ್ಕ. ಅವನ ಮಾತಲ್ಲೂ ಹುರುಳಿತ್ತು. ಆದರೆ ನಮ್ಮ ಮನೆಯ ಪಾತ್ರೆಗಳಲ್ಲಿ ಅರ್ಧ ಅಲ್ಯೂಮಿನಿಯಂ, ಇನ್ನು ಎರಡು ಹಿತ್ತಾಳೆ. ಇವಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ, ಇಂಡಕ್ಷನ್ ಮೇಲಿಟ್ಟರೆ ಅದು ಕೀಂ ಕೀಂ ಅಂದು ಸುಮ್ಮನಾಗುತ್ತದೆ. ಕಾಯಿಲಿಗೆ ಆ ಹಟ ಇಲ್ಲ. ತಾನು ಕಾಯುತ್ತದೆ, ಮೇಲಿಟ್ಟದ್ದನ್ನು ಕಾಯಿಸುತ್ತದೆ. ಅದು ಯಾವ ಲೋಹ ಅಂತ ಕೇಳುವುದಿಲ್ಲ.

ಕೇಳುವುದಿಲ್ಲ ಅಂತ ಆಗ ಅಂದುಕೊಂಡಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಯಿಲ್ ಒಲೆ ಅಂದ ಕೂಡಲೇ ನನ್ನ ವಯಸ್ಸಿನವರಿಗೆ ನೆನಪಾಗುವುದು ಹಾಸ್ಟೆಲ್. ಬಿಳಿ ಪಿಂಗಾಣಿಯ ತಟ್ಟೆ, ಅದರಲ್ಲಿ ಸುರುಳಿಯಾಗಿ ಕೊರೆದ ತೋಡು, ತೋಡಿನೊಳಗೆ ಸ್ಪ್ರಿಂಗಿನಂಥ ತಂತಿ. ವಾರ್ಡನ್ ಬಂದರೆ ಮಂಚದ ಕೆಳಗೆ, ಹೋದರೆ ಮಂಚದ ಮೇಲೆ. ನನ್ನ ರೂಮಿನಲ್ಲಿದ್ದ ಸಿಂಧನೂರಿನ ಗೆಳೆಯ ಅದರ ಮೇಲೆ ಮಾಡುತ್ತಿದ್ದ ಉಪ್ಪಿಟ್ಟಿನ ರುಚಿ ಈಗಲೂ ನಾಲಿಗೆ ಮೇಲಿದೆ. ಸ್ಟೀಲ್ ಚಮಚದಿಂದ ಕಲಸುವಾಗ ಒಂದು ಸಲ ಅವನು ಹೊಡೆಸಿಕೊಂಡ ಶಾಕೂ ನೆನಪಿದೆ. ತಂತಿ ಬರಿದು, ಅದರಲ್ಲಿ 230 ವೋಲ್ಟ್. ಪಾತ್ರೆಯ ತಳ ಎಲ್ಲಾದರೂ ತಂತಿಗೆ ತಗುಲಿದರೆ ಇಡೀ ಪಾತ್ರೆಯೇ ಲೈವ್. ಅಂಥ ಒಲೆ ಇನ್ನೂ ಮಾರಾಟಕ್ಕಿದೆ, ಅಗ್ಗಕ್ಕೆ ಸಿಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಬೇಡ.

ಆ ತಂತಿ ಆಗಾಗ ತುಂಡಾಗುತ್ತಿತ್ತು. ಎರಡೂ ತುದಿ ಎಳೆದು ತಿರುಚಿ ಗಂಟು ಹಾಕಿದರೆ ಮತ್ತೆ ಕೆಂಪಗೆ ಉರಿಯುತ್ತಿತ್ತು. ಮೊದಲಿಗಿಂತ ಜೋರಾಗಿ! ರಿಪೇರಿ ಮಾಡಿದ ಮೇಲೆ ಒಲೆ ಸುಧಾರಿಸಿತು ಅಂತ ನಾವು ಬೀಗುತ್ತಿದ್ದೆವು. ನಡೆಯುತ್ತಿದ್ದದ್ದು ಬೇರೆ. ಗಂಟು ಹಾಕಿದಾಗಲೆಲ್ಲ ತಂತಿ ಗಿಡ್ಡ ಆಗುತ್ತಿತ್ತು. ಗಿಡ್ಡ ತಂತಿಗೆ ಕರೆಂಟನ್ನು ತಡೆಯುವ ಶಕ್ತಿ ಕಡಿಮೆ, ಆದ್ದರಿಂದ ಕರೆಂಟ್ ಜಾಸ್ತಿ ಎಳೆಯುತ್ತದೆ, ಜಾಸ್ತಿ ಕಾಯುತ್ತದೆ, ಗಂಟಿನ ಜಾಗದಲ್ಲೇ ಮತ್ತೆ ಸುಟ್ಟುಹೋಗುತ್ತದೆ. ನಾಲ್ಕನೇ ಗಂಟಿಗೆ ಫ್ಯೂಜೂ ಹೋಗುತ್ತಿತ್ತು, ಇಡೀ ಸಾಲಿನ ರೂಮುಗಳು ಕತ್ತಲೆ. ಯಾರ ರೂಮಿನ ಕೆಲಸ ಅಂತ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಈಗ ತಂದಿದ್ದು ಅದರ ಮೊಮ್ಮಗ. ಇಲ್ಲೂ ಅದೇ ನಿಕ್ರೋಮ್ ತಂತಿ, ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ್ದು. ಆಲ್ಬರ್ಟ್ ಮಾರ್ಷ್ ಅನ್ನುವ ಅಮೆರಿಕದವರು 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಕೆಂಪಗೆ ಕಾದ ತಂತಿ ಗಾಳಿಗೆ ಬೇಗ ಸವೆದುಹೋಗುತ್ತಿತ್ತು. ನಿಕ್ರೋಮ್ ಕಾದಾಗ ಮೈಮೇಲೆ ತೆಳ್ಳನೆಯ ಪದರ ಕಟ್ಟಿಕೊಂಡು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಹೊಸ ಒಲೆಯಲ್ಲಿ ಈ ತಂತಿ ಕಣ್ಣಿಗೆ ಕಾಣುವುದಿಲ್ಲ. ಅದರ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಅನ್ನುವ ಬಿಳಿ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ, ಅದರ ಮೇಲೆ ಲೋಹದ ಕೊಳವೆ. ಪುಡಿ ಕಾವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಕೊಳವೆಯನ್ನು ಜಿಲೇಬಿಯ ಹಾಗೆ ಸುತ್ತಿ ಮೇಲೆ ಚಪ್ಪಟೆ ಮಾಡಿರುತ್ತಾರೆ, ಪಾತ್ರೆ ಕೂರಲಿ ಅಂತ.

ನನ್ನದು 2000 ವ್ಯಾಟಿನದು. ಲೆಕ್ಕ ಬರೆಯುವವನು ಆದ್ದರಿಂದ ತಂದ ದಿನವೇ ಲೆಕ್ಕ ಹಾಕಿದೆ. 2000ವನ್ನು 230ರಿಂದ ಭಾಗಿಸಿದರೆ ಎಂಟು ಮುಕ್ಕಾಲು ಆಂಪ್ ಹತ್ತಿರ ಬಂತು. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಇದನ್ನು ಸಿಗಿಸಿದರೆ ಪ್ಲಗ್ಗೇ ಕರಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಪವರ್ ಪ್ಲಗ್ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ 4 ಎಂಎಂ ವೈರ್ ಎಳೆಸಿ, ಅರ್ಥಿಂಗ್ ನೋಡಿಸಿ, 16 ಆಂಪಿನ ಸಾಕೆಟ್ ಹಾಕಿಸಿದೆ. ಒಲೆಗಿಂತ ಇದರ ಖರ್ಚೇ ಜಾಸ್ತಿ ಆಯಿತು. ನಮ್ಮ ಮನೆಯವರಿಗೆ ಇನ್ನೂ ಹೇಳಿಲ್ಲ.

ಯುಗಾದಿ ಮುಗಿಸಿಕೊಂಡು ಅವ್ವ ಊರಿಂದ ಬಂದಳು. ಮರುದಿನ ಬೆಳಿಗ್ಗೆ ಅವಳೆದುರು ಹೊಸ ಒಲೆಯ ಮೇಲೆ ಹಾಲು ಕಾಸಲು ನಿಂತೆ. ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು. ಎಂಥ ಸುಖ ಅಂತೀರಿ! ಹಾಲು ಅಂಚಿಗೆ ನೊರೆ ಕಟ್ಟಿತು, ಮೆಲ್ಲಗೆ ಏಳತೊಡಗಿತು. ಗ್ಯಾಸಿನಲ್ಲಿ ಮಾಡುವ ಹಾಗೆ ಕೊನೇ ಗಳಿಗೆಯಲ್ಲಿ ಟಕ್ ಅಂತ ಸೊನ್ನೆಗೆ ತಿರುಗಿಸಿ, ಜಾದೂಗಾರನಂತೆ ಕೈಕಟ್ಟಿ ನಿಂತೆ. ಹಾಲು ಇಳಿಯಲಿಲ್ಲ. ಏರುತ್ತಲೇ ಬಂತು. ಬೋಗಾಣಿಯ ಕಂಠ ದಾಟಿ ಸುರಿದು, ಕಾಯಿಲ್ ಮೇಲೆ ಚುಂಯ್ ಅಂದು, ಮನೆಯೆಲ್ಲ ಹೊತ್ತಿದ ಹಾಲಿನ ವಾಸನೆ.

'ಆರಿಸಿದಿ ಅಂತ ಕೆಂಡ ಆರತೈತೇನು? ಬೋಗಾಣಿ ಇಳಸು ಮದ್ಲ!' ಅಂದಳು ಅವ್ವ, ಹಿಂದಿನಿಂದ.

ಅವಳು ಆ ಒಲೆಯನ್ನು ನೋಡಿ ಇನ್ನೂ ಒಂದು ದಿನ ಆಗಿರಲಿಲ್ಲ. ನಾನು ಅದರ ಪುಸ್ತಕವನ್ನು ಎರಡು ಸಲ ಓದಿದ್ದೆ. ಆದರೂ ಒಲೆಯ ಸ್ವಭಾವ ಹಿಡಿದದ್ದು ಅವಳೇ. ಗ್ಯಾಸ್ ಅಂದರೆ ಬರೀ ಉರಿ. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಯಿಲ್ ಹಾಗಲ್ಲ. ಕಾಯಲು ಹೊತ್ತು ಬೇಕು, ಆರಲು ಇನ್ನೂ ಹೊತ್ತು ಬೇಕು. ಕೆಂಪು ಹೋಗಿ ಕಪ್ಪಾದ ಮೇಲೂ ಎಷ್ಟೋ ನಿಮಿಷ ಕೈ ಸುಡುವಷ್ಟು ಬಿಸಿ ಇರುತ್ತದೆ. ನಲವತ್ತು ವರ್ಷ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹಾಕಿ ಒಲೆ ಊದಿದವಳಿಗೆ ಇದು ಹೊಸದೇ? ಅನ್ನ ಮುಕ್ಕಾಲು ಬೆಂದ ಮೇಲೆ ಕಟ್ಟಿಗೆ ಹಿಂದಕ್ಕೆಳೆದು, ಕೆಂಡದ ಮೇಲೆ ಬಿಟ್ಟು, ಮುಚ್ಚಳ ಮುಚ್ಚಿ ಬೇರೆ ಕೆಲಸಕ್ಕೆ ಹೋಗುತ್ತಿದ್ದವಳು ಅವಳು. ನಾವು ಗ್ಯಾಸ್ ಬಂದ ಮೇಲೆ ಆ ವಿದ್ಯೆ ಮರೆತೆವು.

ಆ ದಿನದಿಂದ ಅಡುಗೆಯ ಮೇಸ್ತ್ರಿ ಅವ್ವ, ಆಳು ನಾನು. ಬೇಳೆ ಬೇಯಲು ಐದಾರು ನಿಮಿಷ ಇರುವಾಗಲೇ ಆರಿಸಲು ಹೇಳುತ್ತಿದ್ದಳು. ಒಗ್ಗರಣೆಗೆ ಮಾತ್ರ ಹುಷಾರು. ಸಾಸಿವೆ ಸಿಡಿದ ಮೇಲೆ ನಾಬ್ ತಿರುಗಿಸುತ್ತ ನಿಂತರೆ ಬೆಳ್ಳುಳ್ಳಿ ಕರಕಲು. ಪಾತ್ರೆಯನ್ನೇ ಎತ್ತಿ ಪಕ್ಕಕ್ಕಿಡಬೇಕು. ಇಕ್ಕಳ ಕೈಯಲ್ಲೇ ಇರಬೇಕು.

'ಅಲ್ಲಪಾ, ಇದರಾಗ ಕೆಂಡ ಎಲ್ಲೈತಿ?' ಅಂತ ಒಂದು ಸಂಜೆ ಕೇಳಿದಳು. ಶಕ್ತಿನಗರದಲ್ಲಿದೆ ಅಂದೆ. ನಮ್ಮೂರು ಕೃಷ್ಣಾ ದಂಡೆಯ ಕಡೆ, ಹೊಲದಲ್ಲಿ ನಿಂತರೆ ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದ ಚಿಮಣಿಗಳು ಕಾಣುತ್ತವೆ. 1985ರಲ್ಲಿ ಮೊದಲ ಘಟಕ ಶುರುವಾಯಿತು, ಈಗ ಎಂಟು ಘಟಕ ಸೇರಿ 1,720 ಮೆಗಾವ್ಯಾಟ್. ಕಲ್ಲಿದ್ದಲಿನ ಗೂಡ್ಸ್ ಗಾಡಿಗಳನ್ನು ನೋಡುತ್ತಲೇ ಬೆಳೆದವರು ನಾವು. ಅಲ್ಲಿ ಕಲ್ಲಿದ್ದಲು ಸುಟ್ಟು, ನೀರು ಕಾಸಿ, ಉಗಿಯಿಂದ ಚಕ್ರ ತಿರುಗಿಸಿ ಕರೆಂಟ್ ಮಾಡುತ್ತಾರೆ, ಅದೇ ತಂತಿ ಮೇಲೆ ಬಂದು ಇಲ್ಲಿ ಮತ್ತೆ ಕಾವಾಗುತ್ತದೆ ಅಂತ ವಿವರಿಸಿದೆ.

'ಅಂದ್ರ ಅಲ್ಲಿ ಒಲಿ ಹಚ್ತಾರ, ಇಲ್ಲಿ ಅನ್ನ ಬೇಯ್ತೈತಿ ಅನ್ನು.'

ಹೌದು, ಆದರೆ ಅಲ್ಲಿ ಸುಟ್ಟ ಕಾವಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟ್ ಆಗುತ್ತದೆ, ಉಳಿದದ್ದು ಗಾಳಿಗೆ, ನೀರಿಗೆ ಹೋಗುತ್ತದೆ ಅಂದೆ.

'ಅದಕಽ ರಾಯಚೂರಾಗ ಇಷ್ಟು ಬಿಸಲು!' ಅಂದು ಅವ್ವ ಎದ್ದು ಹೋದಳು.

ಇನ್ನು ಪಾತ್ರೆಯ ವಿಷಯ. ಕಾಯಿಲ್ ಏನೂ ಕೇಳುವುದಿಲ್ಲ ಅಂದೆನಲ್ಲ, ಅದು ತಪ್ಪು. ಅದು ಒಂದನ್ನು ಕೇಳುತ್ತದೆ: ತಳ.

ನಮ್ಮ ಮನೆಯ ಹಳೆಯ ಡಬರಿ, ಬೋಗಾಣಿ, ಬಾಣಲೆ ಎಲ್ಲ ಉರಿಗಾಗಿ ಹುಟ್ಟಿದವು. ಉರಿ ಪಾತ್ರೆಯನ್ನು ಹುಡುಕಿಕೊಂಡು ಹೋಗುತ್ತದೆ. ತಳ ದುಂಡಗಿದ್ದರೂ ಸುತ್ತಿಕೊಳ್ಳುತ್ತದೆ, ಸೊಟ್ಟಗಿದ್ದರೂ ನೆಕ್ಕುತ್ತದೆ. ಕಾಯಿಲ್ ಇದ್ದಲ್ಲೇ ಇರುತ್ತದೆ. ಪಾತ್ರೆಯೇ ಹೋಗಿ ಅದಕ್ಕೆ ಮೈ ತಾಗಿಸಬೇಕು. ತಾಗಿದಲ್ಲಿ ಕಾವು ಸರಾಗ, ತಾಗದಲ್ಲಿ ಬರೀ ದೂರದ ಝಳ. ನಮ್ಮ ಹಳೆಯ ಕುಕ್ಕರಿನ ತಳ ವರ್ಷಗಟ್ಟಲೆ ಉರಿ ಕಂಡು ಹೊರಕ್ಕೆ ಉಬ್ಬಿತ್ತು. ಕಾಯಿಲ್ ಮೇಲೆ ಇಟ್ಟರೆ ಒಂದು ಕಡೆಗೆ ವಾಲಿ ಕೂರುತ್ತಿತ್ತು. ಸೀಟಿ ಬರುವ ಹೊತ್ತಿಗೆ ಬೇಳೆ ನಡುವೆ ತಳ ಹಿಡಿದಿತ್ತು, ಅಂಚಿನಲ್ಲಿ ಕಾಳು ಕಾಳಾಗಿತ್ತು. ದೊಡ್ಡ ಬಾಣಲೆಯದ್ದು ಇನ್ನೂ ಚೆಂದ. ದುಂಡು ತಳ, ರೂಪಾಯಿ ಬಿಲ್ಲೆಯಷ್ಟು ಜಾಗ ತಾಗಿ, ಅಲ್ಲಿ ಮಾತ್ರ ಎಣ್ಣೆ ಹೊಗೆ.

ಒಂದು ಭಾನುವಾರ ಜೇಬಿನಲ್ಲಿ ಮಗಳ ಸ್ಟೀಲ್ ಸ್ಕೇಲ್ ಇಟ್ಟುಕೊಂಡು ತೀನ್ ಕಂದೀಲ್ ಕಡೆಯ ಪಾತ್ರೆ ಅಂಗಡಿಗೆ ಹೋದೆ. (ಕಂದೀಲು ಅಂತ ಹೆಸರಿರುವ ಜಾಗಕ್ಕೆ ಕರೆಂಟ್ ಒಲೆಯ ಪಾತ್ರೆ ಹುಡುಕಿಕೊಂಡು ಹೋಗುವುದು ನನಗೆ ಯಾಕೋ ಮಜಾ ಅನ್ನಿಸಿತು.) ಪಾತ್ರೆ ಬೋರಲು ಹಾಕಿ, ತಳದ ಮೇಲೆ ಸ್ಕೇಲ್ ನಿಲ್ಲಿಸಿ, ಬೆಳಕಿಗೆ ಹಿಡಿದು, ಸಂದು ಎಷ್ಟಿದೆ ಅಂತ ನೋಡತೊಡಗಿದೆ. ಗಲ್ಲಾದ ಮೇಲಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿದರು.

'ಸರ, ಪಾತ್ರಿ ತಗೋಳಾಕ ಬಂದೀರೋ, ಪ್ಲಾಟ್ ಅಳಿಯಾಕ ಬಂದೀರೋ?'

ವಿಷಯ ಹೇಳಿದೆ. ಅವರು ಸ್ಕೇಲ್ ಪಕ್ಕಕ್ಕಿಟ್ಟು ಬೋಗಾಣಿಯನ್ನು ಕೌಂಟರಿನ ಗಾಜಿನ ಮೇಲೆ ನೆಟ್ಟಗೆ ಇಟ್ಟರು. ಅಂಚಿಗೆ ಬೆರಳು ಹಚ್ಚಿ ತಿರುಗಿಸಿದರು. ಬುಗುರಿ ಹಾಗೆ ಗಿರ್ರನೆ ತಿರುಗಿತು. 'ಇದು ಬ್ಯಾಡ್ರಿ.' ಇನ್ನೊಂದು ಇಟ್ಟರು. ಅರ್ಧ ಸುತ್ತು ಉಜ್ಜಿಕೊಂಡು ನಿಂತಿತು. 'ಇದು ಕುಂದರತೈತಿ.' ನಾನು ಅದರ ಮೇಲೂ ಸ್ಕೇಲ್ ಇಟ್ಟು, ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿದೆಯಲ್ಲ ಅಂದೆ. 'ಇರಬೇಕ್ರಿ ಅದು. ಹೊಸಾದ್ರಾಗ ನಡಕ ಅಷ್ಟು ಒಳಗ ಇರಬೇಕು. ಕಾದ ಮ್ಯಾಲ ಕೆಳಗ ಇಳೀತೈತಿ.' ಲೋಹ ಕಾದಾಗ ಹಿಗ್ಗುತ್ತದೆ. ತಣ್ಣಗಿದ್ದಾಗ ಕನ್ನಡಿಯಷ್ಟು ಮಟ್ಟ ಇರುವ ತಳ ಕಾದ ಮೇಲೆ ಹೊರಕ್ಕೆ ಉಬ್ಬಬಹುದು. ಮಾಡುವವರು ಅದಕ್ಕೇ ಚೂರು ಒಳಕ್ಕೆ ತಗ್ಗಿಸಿರುತ್ತಾರೆ. ಮೂರು ದಿನ ಮೊಬೈಲಿನಲ್ಲಿ ಹುಡುಕಿದರೂ ನನಗೆ ಈ ಮಾತು ಸಿಕ್ಕಿರಲಿಲ್ಲ.

ತಳಕ್ಕೆ ತಾಮ್ರ ಬಳಿದ ಸ್ಟೀಲ್ ಪಾತ್ರೆಗಳು ಸಾಲಾಗಿ ಹೊಳೆಯುತ್ತಿದ್ದವು. ನೋಡಲು ಚೆಂದ. ಆದರೆ ಅಂಥವುಗಳಲ್ಲಿ ಬಹಳಷ್ಟಕ್ಕೆ ತಾಮ್ರ ಬರೀ ಲೇಪ, ಅದರಿಂದ ಹೆಚ್ಚು ಉಪಯೋಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಸ್ಟೀಲ್ ಕಾವನ್ನು ಹಂಚುವುದರಲ್ಲಿ ಮಹಾ ಜಿಪುಣ. ಅಲ್ಯೂಮಿನಿಯಂ ಅದರ ಸುಮಾರು 15 ಪಟ್ಟು ಸಲೀಸಾಗಿ ಕಾವು ದಾಟಿಸುತ್ತದೆ. ತೆಳ್ಳನೆಯ ಸ್ಟೀಲ್ ಪಾತ್ರೆ ಕಾಯಿಲ್ ಮೇಲಿಟ್ಟರೆ ಪಾಯಸದ ತಳದಲ್ಲಿ ಕಾಯಿಲಿನ ಸುರುಳಿಯೇ ಅಚ್ಚಾಗಿ ಮೂಡುತ್ತದೆ. ಸುಳ್ಳಲ್ಲ, ನಮ್ಮ ಮನೆಯಲ್ಲಿ ಮೂಡಿದೆ. ಅದಕ್ಕೇ ಎರಡು ಸ್ಟೀಲ್ ಹಾಳೆಗಳ ನಡುವೆ ದಪ್ಪ ಅಲ್ಯೂಮಿನಿಯಂ ಇಟ್ಟು ಒತ್ತಿದ ಸ್ಯಾಂಡ್‌ವಿಚ್ ತಳದ್ದು ತಗೊಂಡೆ. ತೂಕ ಜಾಸ್ತಿ, ರೇಟೂ ಜಾಸ್ತಿ.

ದಪ್ಪ ಅಲ್ಯೂಮಿನಿಯಂದೇ ತಗೊಂಡಿದ್ದರೆ ಅರ್ಧ ದುಡ್ಡಿಗೆ ಮುಗಿಯುತ್ತಿತ್ತು ಅಲ್ವಾ ಅಂತ ಕೇಳಬಹುದು. ಅನ್ನಕ್ಕೆ, ಬೇಳೆಗೆ ಸರಿ. ಆದರೆ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಪುಂಡಿ ಪಲ್ಯ ಆಗಲೇಬೇಕು. ಪುಂಡಿ ಸೊಪ್ಪಿನ ಹುಳಿ ಗೊತ್ತಲ್ಲ, ಜೋಳದ ನುಚ್ಚು, ತೊಗರಿಬೇಳೆ, ಬೆಳ್ಳುಳ್ಳಿ ಹಾಕಿ ಹೊತ್ತುಗಟ್ಟಲೆ ಕುದಿಸಬೇಕು. ಬರೀ ಅಲ್ಯೂಮಿನಿಯಂನಲ್ಲಿ ಆ ಹುಳಿ ಲೋಹವನ್ನೇ ತಿನ್ನುತ್ತದೆ. ಪಾತ್ರೆ ಮಂಕಾಗುತ್ತದೆ, ಪಲ್ಯಕ್ಕೆ ಒಂಥರಾ ಲೋಹದ ರುಚಿ ಬರುತ್ತದೆ.

ಅಳತೆಯೂ ನೋಡಬೇಕು. ನನ್ನ ಕಾಯಿಲಿನ ಅಗಲ ಏಳೂವರೆ ಇಂಚು. ಪಾತ್ರೆಯ ತಳ ಅದಕ್ಕಿಂತ ಒಂದಿಂಚು ದೊಡ್ಡದಿದ್ದರೆ ಚಿಂತೆಯಿಲ್ಲ. ಚಿಕ್ಕದಿದ್ದರೆ ಹೊರಗಿನ ಸುತ್ತು ಸುಮ್ನೆ ಗಾಳಿಯನ್ನು ಕಾಯಿಸುತ್ತದೆ, ಜೊತೆಗೆ ಪಾತ್ರೆಯ ಹಿಡಿಯನ್ನೂ ಸುಡುತ್ತದೆ. ಮಣ್ಣಿನ ಗಡಿಗೆ ನೇರ ಇಡಬೇಡಿ, ಬಿರುಕು ಬಿಡುತ್ತದೆ. ನಾನ್‌ಸ್ಟಿಕ್ ಅನ್ನು ಖಾಲಿ ಕಾಯಲು ಬಿಡಲೇಬೇಡಿ, 260 ಡಿಗ್ರಿ ದಾಟಿದರೆ ಅದರ ಲೇಪ ಕೆಡತೊಡಗುತ್ತದೆ, ಕಾಯಿಲ್ ಅಷ್ಟಕ್ಕೆ ಬಹಳ ಹೊತ್ತು ತೆಗೆದುಕೊಳ್ಳುವುದಿಲ್ಲ. ಹಾಲು ಉಕ್ಕಿದರೆ ತೊಳೆಯುವುದು ಬೇಡ ಅಂತ ಕೆಲವರು ಕಾಯಿಲಿನ ಕೆಳಗೆ ಬೆಳ್ಳಿ ಕಾಗದ ಹಾಸುತ್ತಾರೆ. ಅದೂ ಬೇಡ.

ಹೊಸ ಬೋಗಾಣಿಯಲ್ಲಿ ಚಹಾಕ್ಕಿಟ್ಟ ದಿನವೇ ವ್ಯತ್ಯಾಸ ಗೊತ್ತಾಯಿತು. ಹಳೆಯದರಲ್ಲಿ ಗುಳ್ಳೆ ಏಳುವ ಹೊತ್ತಿಗೆ ಇದರಲ್ಲಿ ಚಹಾ ಸೋಸಿ ಆಗಿತ್ತು. ಒಲೆ ಅದೇ, ಕರೆಂಟ್ ಅದೇ.

ಆದರೆ ರೊಟ್ಟಿ? ಅವ್ವನ ಪರೀಕ್ಷೆ ಅಲ್ಲಿತ್ತು. ಅವಳು ಊರಿಂದ ಬರುವಾಗಲೇ ತನ್ನ ಕಬ್ಬಿಣದ ಹಂಚನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದಳು. ನಮ್ಮ ಮನೆಯ ಹಂಚಿನ ಮೇಲೆ ಅವಳಿಗೆ ಎಂದೂ ನಂಬಿಕೆ ಇಲ್ಲ. ಅವಳ ಹಂಚು ನಡುವೆ ತಗ್ಗು, ಕಟ್ಟಿಗೆಯ ಉರಿ ಸುತ್ತ ಹಬ್ಬಲಿ ಅಂತಲೇ ಮಾಡಿದ್ದು. ಕಾಯಿಲ್ ಮೇಲೆ ಇಟ್ಟರೆ ತೊಟ್ಟಿಲ ಹಾಗೆ ತೂಗಿತು. ಬಡಿದ ರೊಟ್ಟಿ ಹಾಕಿದಳು, ಮೇಲೆ ನೀರು ಸವರಿದಳು. ನಡುವೆ ಕಪ್ಪು ಕಲೆ, ಅಂಚೆಲ್ಲ ಹಸಿ ಹಿಟ್ಟು. ಅವ್ವ ಆ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ನನ್ನ ಮುಖ ನೋಡಿ, ಏನೂ ಅನ್ನದೆ ಬುಟ್ಟಿಯ ಹೊರಗಿಟ್ಟಳು. ಅವಳು ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಸಂಜೆ ಮತ್ತೆ ಅದೇ ಅಂಗಡಿಗೆ ಹೋಗಿ ಮಟ್ಟಸ ತಳದ ಬೀಡು ಕಬ್ಬಿಣದ ದೋಸೆ ಹಂಚು ತಂದೆ. ಬೀಡು ಕಬ್ಬಿಣ ನಿಧಾನ, ಕಾವು ಹರಡಲು ಹೊತ್ತು ಹಿಡಿಯುತ್ತದೆ. ಮೊದಲ ಸಲ ಜೋರು ಇಟ್ಟು ಅವಸರ ಮಾಡಿದ್ದಕ್ಕೆ ಮತ್ತೆ ಸುರುಳಿ ಸುರುಳಿ ಸುಟ್ಟಿತು. ಆಮೇಲೆ ನಡುಮಟ್ಟದಲ್ಲಿಟ್ಟು, ಅವ್ವ ಹಿಟ್ಟು ನಾದಿ ಮುಗಿಸುವವರೆಗೂ ಕಾಯಲು ಬಿಟ್ಟೆವು. ಆಗ ರೊಟ್ಟಿ ಅಂಚಿನವರೆಗೂ ಬೆಂದಿತು. ಗ್ಯಾಸಿನಲ್ಲಾದರೆ ಕೊನೆಗೆ ಉರಿಗೆ ಹಿಡಿದು ಉಬ್ಬಿಸುತ್ತೇವೆ. ಇಲ್ಲಿ ಉರಿ ಎಲ್ಲಿಂದ ತರುವುದು? ಅವ್ವ ಅರಿವೆಯ ಉಂಡೆ ಮಾಡಿ ಹಂಚಿನ ಮೇಲೇ ಅಂಚಂಚಿಗೆ ಒತ್ತಿದಳು. ಮೂರನೇ ರೊಟ್ಟಿ ಉಬ್ಬಿತು. ಪೂರ್ತಿ ಅಲ್ಲ, ಮುಕ್ಕಾಲು. ನಾನು ಚಪ್ಪಾಳೆ ತಟ್ಟಬೇಕು ಅಂದುಕೊಂಡೆ, ಅವಳ ಮುಖ ನೋಡಿ ಸುಮ್ಮನಾದೆ. ಬಿಸಿ ರೊಟ್ಟಿಗೆ ಈ ಒಲೆ ಸಾಧಾರಣ ಅನ್ನೋದು ನನ್ನದೂ ತೀರ್ಪು. ಖಡಕ್ ರೊಟ್ಟಿಗೆ ಮಾತ್ರ ಇದು ಭೇಷ್. ಆರಿಸಿದ ಮೇಲೆ ಉಳಿಯುವ ಕಾವಿನಲ್ಲಿ ಎರಡು ರೊಟ್ಟಿ ಒಣಗಿ ಕಟಕ್ ಅನ್ನುವಂತಾಗುತ್ತವೆ.

ರಾತ್ರಿ ಹೊತ್ತು ಇನ್ನೊಂದು ಆಟ. ಬೇಸಿಗೆಯ ಸಂಜೆ ಎಲ್ಲರ ಮನೆಯಲ್ಲೂ ಕೂಲರ್, ಎಸಿ. ಫ್ರಿಜ್ಜಿನ ಸ್ಟೆಬಿಲೈಸರ್ ಮೇಲೆ ಒಮ್ಮೊಮ್ಮೆ 180 ಕಾಣುತ್ತದೆ. ವೋಲ್ಟೇಜ್ ಐದನೇ ಒಂದು ಪಾಲು ಇಳಿದರೆ ಕಾವೂ ಅಷ್ಟೇ ಇಳಿಯಬೇಕು ಅಂದುಕೊಂಡಿದ್ದೆ. ಹಾಗಲ್ಲ. ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ಕ್ಕೆ 2000 ವ್ಯಾಟ್ ಕೊಡುವ ಕಾಯಿಲ್ 180ಕ್ಕೆ ಕೊಡುವುದು ಸುಮಾರು 1,225 ವ್ಯಾಟ್ ಅಷ್ಟೇ. ಬೆಳಿಗ್ಗೆ ಇಪ್ಪತ್ತು ನಿಮಿಷಕ್ಕಾಗುವ ಅನ್ನ ರಾತ್ರಿ ಯಾಕೆ ಸತಾಯಿಸುತ್ತದೆ ಅಂತ ಆಗ ತಿಳಿಯಿತು. ರಾತ್ರಿ ಅಡುಗೆ ಈಗ ಮತ್ತೆ ಗ್ಯಾಸಿನ ಮೇಲೆ.

ಪಕ್ಕದ ಮನೆಯವರು, 'ನಿಮಗೇನ್ರಿ, ಗೃಹಜ್ಯೋತಿ ಐತಿ, ಕರೆಂಟ್ ಫುಕಟ್' ಅನ್ನುತ್ತಾರೆ. ಪೂರ್ತಿ ಹಾಗಿಲ್ಲ. 2023ರಲ್ಲಿ ಬಂದ ಈ ಯೋಜನೆಯಲ್ಲಿ ನಮ್ಮ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಅಷ್ಟೇ ಬಿಟ್ಟಿ. ಅದಕ್ಕಿಂತ ಜಾಸ್ತಿ ಆದರೆ ಜಾಸ್ತಿಯದ್ದು ಕಟ್ಟಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ ನಮ್ಮದೇ. 2000 ವ್ಯಾಟಿನ ಒಲೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ಒಂದು ಗಂಟೆ ಅಂದರೂ ತಿಂಗಳಿಗೆ 60. ಮೇಲೆ ಕೂಲರ್ ಬೇರೆ. ಮೊದಲ ತಿಂಗಳ ಬಿಲ್ ಬಂದಾಗ ನಮ್ಮ ಮನೆಯವರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಇನ್ನೂ ಅಲ್ಲೇ ಇದೆ.

ಅವ್ವ ಮೇ ತಿಂಗಳ ಕೊನೆಗೆ ಊರಿಗೆ ಹೊರಟಳು. ಹೊರಡುವ ಹಿಂದಿನ ರಾತ್ರಿ ಅಡುಗೆಮನೆಯಿಂದ ಹುರಿದ ವಾಸನೆ ಬಂತು. ಹೋಗಿ ನೋಡಿದರೆ ಒಲೆಯ ಸ್ವಿಚ್ ಆರಿದೆ, ಬಿಸಿ ಹಂಚಿನ ಮೇಲೆ ಎರಡು ಹಿಡಿ ಶೇಂಗಾ. ಅವ್ವ ಸೌಟಿನಿಂದ ಮೆಲ್ಲಗೆ ಆಡಿಸುತ್ತ ನಿಂತಿದ್ದಳು. 'ಕೆಂಡ ಸುಮ್ನ ಹೋಗ್ತಿತ್ತು' ಅಂದಳು. ಸಿಪ್ಪೆ ತನ್ನಿಂದ ತಾನೇ ಬಿಡುವಷ್ಟು ಹದವಾಗಿದ್ದವು. ಬೆಳಿಗ್ಗೆ ತನ್ನ ತಗ್ಗು ಹಂಚನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದಳು.

ವಾರದ ಮೇಲೆ ಫೋನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಕೇಳಿದ್ದು, 'ಒಲಿ ಆರಿಸಿದ ಮ್ಯಾಲ ಶೇಂಗಾ ಹಾಕೀಯೋ ಇಲ್ಲೋ?'

ಹಾಕಿದ್ದೆ. ಹಾಕಿ, ಆಡಿಸುವುದು ಮರೆತು, ಸ್ನಾನಕ್ಕೆ ಹೋಗಿದ್ದೆ. ಅರ್ಧಕ್ಕರ್ಧ ಕಪ್ಪಾಗಿದ್ದವು. ಚಲೋ ಆದ್ವು ಅಂದೆ.